ಗಂಡನ ಹೆಸರಿನ ಬೀಗ

ಶಹಾಪುರದ ಬೇಳೆ ಮಿಲ್ಲಿನಲ್ಲಿ ಬಿಲ್ಲು ಮಾಡುವ ಮಲ್ಲಮ್ಮನಿಗೆ ಕಂಪ್ಯೂಟರ್ ಕಲಿಸಿದವನು ನಾನೇ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು ಎಂಬ ನಿಯಮ ಇಟ್ಟವನೂ ನಾನೇ. ಅವತ್ತು ಆಕೆ ಹೊಸದನ್ನು ಮರೆತು, ಹಳೆಯದನ್ನೇ ಹೊಡೆದು ಹೊಡೆದು ಖಾತೆ ಲಾಕಾಯಿತು. ಬಿಲ್ಲಿಲ್ಲದೆ ಲಾರಿ ಹೊರಡುವಂತಿರಲಿಲ್ಲ.

"ನಿಮ್ಮ ಬಂದೋಬಸ್ತಿನ್ಯಾಗ ನನ್ನ ಧಂದಾನೇ ನಿಂತದಲ್ರಿ," ಎಂದರು ಮಾಲಕರು.

ಸಾಫ್ಟ್‌ವೇರ್ ಕಂಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

"ಗುಟ್ಟಿನ ಪ್ರಶ್ನೆ, ಮೇಡಂ. ನಿಮ್ಮ ಗಂಡನ ಹೆಸರು ಹೇಳಿ," ಎಂದಳು ಆ ಕಡೆಯ ಹುಡುಗಿ.

ಮಲ್ಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಟೈಪ್ ಮಾಡಂದ್ರ ಮಾಡ್ತೀನ್ರಿ ಸರ. ಗಂಡನ ಹೆಸರ ಬಾಯಿಲೆ ಹ್ಯಾಂಗ ಹೇಳ್ಲಿ?"

"ಶರಣಪ್ಪ ಅಂತ್ರಿ," ಎಂದು ಲಾರಿ ಮೇಲಿನ ಹಮಾಲ ಕೂಗಿದ.

"ಬೇರೆಯವರು ಹೇಳುವಂತಿಲ್ಲ," ಎಂದಿತು ಫೋನು.

ಬೇಳೆ ಆರಿಸುತ್ತಿದ್ದ ಹೆಂಗಸರು, "ಲಗ್ನದಾಗ ಹೇಳಿದಂಗ ಒಡಪಿನ್ಯಾಗ ಹೇಳಿಬಿಡ ಯಕ್ಕಾ," ಎಂದರು. ಮಲ್ಲಮ್ಮ ಗೋಡೆಗೆ ಮುಖ ಮಾಡಿ ಒಂದೇ ಉಸಿರಿಗೆ ಹೇಳಿದಳು:

"ಕೆನಾಲಿಗೆ ಬಂತು ನೀರ, ಹೊಲಕ್ಕ ಬಂತು ತೆನಿ,
ಶರಣಪ್ಪನವರು ಇದ್ದರ ಬೆಳಕು ನನ್ನ ಮನಿ."

"ಸರಿ ಮೇಡಂ," ಎಂದಿತು ಫೋನು. ಆಮೇಲೆ ಖಾತೆ ತೆರೆಯಿತು.

ನನಗೆ ಮಾತ್ರ ತಲೆ ಕೆಟ್ಟಿತ್ತು. "ಊರಿಗೆಲ್ಲ ಗೊತ್ತಿದ್ದದ್ದು ಗುಟ್ಟು ಹ್ಯಾಂಗಾತು ಅಕ್ಕಾ? ಬ್ಯಾರೆ ಪ್ರಶ್ನಿ ಇಡ್ರಿ," ಅಂದೆ.

"ಇದೇ ಇರ್ಲಿ ಸರ. ನನ್ನ ಬಾಯಿಂದ ಇದನ್ನ ಹೊರಡಸೂದು ಎಷ್ಟು ತ್ರಾಸ ಅದ ನೀವೇ ನೋಡಿದ್ರಲ್ಲ."

ಹೌದಲ್ಲ ಎನಿಸಿ ಒಪ್ಪಿಕೊಂಡೆ. ಬಿಲ್ಲು ತಗೊಂಡು ಹೊರಗೆ ಬಂದರೆ, ಹಮಾಲ ಲಾರಿಗೆ ಹಗ್ಗ ಬಿಗಿಯುತ್ತ ಅದೇ ಒಡಪು ಹೇಳಿಕೊಳ್ಳುತ್ತಿದ್ದ.