ಶೇವಂತಕ್ಕ ಸೀರೆ ತಿರುವಿ ಉಟ್ಟ ದಿನ

ಬನಹಟ್ಟಿಯ ನೇಕಾರರ ಸೊಸೈಟಿಯಲ್ಲಿ ಕಂಪ್ಯೂಟರ್ ಮೇಲೆ ಸೀರೆಯ ಡಿಸೈನ್ ಬಿಡಿಸುತ್ತಿದ್ದವರು ನನ್ನ ಗಂಡನ ಅಕ್ಕ ಶೇವಂತಿ. ಮಗ್ಗದ ಮನೆಯಲ್ಲಿ ಪಾಳಿ ಮುಗಿಸಿದವರು ಮುಂದೆ ಯಾವ ಬಣ್ಣ ಹಾಕಬೇಕೆಂದು ಗೋಡೆಗೆ ಬರೆದು ಹೋಗುತ್ತಾರೆ. ಮುಂದಿನವರ ಕೈ ನಿಲ್ಲಬಾರದಲ್ಲ. ಅಕ್ಕ ಪಾಸ್‌ವರ್ಡನ್ನೂ ಹಾಗೆಯೇ ಗೋಡೆಗೆ ಬರೆದಿದ್ದರು. ಹುಬ್ಬಳ್ಳಿಯಲ್ಲಿ ಓದಿದ ನಾನು ಅದನ್ನು ಕಂಡಾಗಲೆಲ್ಲ ಅಳಿಸಿರೆಂದು ಹೇಳುತ್ತಿದ್ದೆ. ಅಕ್ಕ ನಕ್ಕುಬಿಡುತ್ತಿದ್ದರು.

ದೇಶದ ಕಂಪ್ಯೂಟರ್‌ಗಳನ್ನೆಲ್ಲ ಒಂದೇ ಕಾವಲಿನಡಿ ತರುವ ಜಾಲವನ್ನು ಆಗ ದಿಲ್ಲಿಯವರು ಕಟ್ಟುತ್ತಿದ್ದರು. ನಮ್ಮ ಸೊಸೈಟಿಯನ್ನು ಅದಕ್ಕೆ ಸಜ್ಜು ಮಾಡಲು ಮುಧೋಳದ ಪ್ರೇಮಕುಮಾರ ಬಂದ. ಅವನು ಬಂದದ್ದೇ ತಡ, ನಮ್ಮ ಡಿಸೈನುಗಳು ನಮ್ಮ ಮಗ್ಗ ಏರುವ ಮೊದಲೇ ಜಮಖಂಡಿಯ ಅಂಗಡಿಗಳಲ್ಲಿ ಪವರ್‌ಲೂಮ್ ಸೀರೆಗಳಾಗಿ ತೂಗತೊಡಗಿದವು. ಸಭೆಯಲ್ಲಿ ಅವನು ಗೋಡೆಯತ್ತ ಬೆರಳು ಮಾಡಿ, ಪಾಸ್‌ವರ್ಡನ್ನು ಗಟ್ಟಿಯಾಗಿ ಓದಿ, ಈಕೆಯೇ ಡಿಸೈನ್ ಮಾರಿರಬೇಕು ಎಂದ. ಅಧ್ಯಕ್ಷ ಗಿರಿಮಲ್ಲಪ್ಪನವರು ಹೌದೆಂದು ತಲೆಯಾಡಿಸಿದರು.

ಹೊಸ ಪಾಸ್‌ವರ್ಡ್ ಪ್ರೇಮಕುಮಾರನೊಬ್ಬನ ಬಳಿ ಉಳಿಯಿತು. ಅರ್ಧಕ್ಕೆ ನಿಂತಿದ್ದ ಒಂದು ಸೆರಗನ್ನು ಮುಗಿಸಲು ಅಕ್ಕನಿಗೆ ಒಂದು ದಿನ ಕೊಟ್ಟರು. ಅವನೇ ಕಂಪ್ಯೂಟರ್ ತೆರೆದು ಕೂಡಿಸಿದ, ಸಂಜೆ ಅವನೇ ಬೀಗ ಹಾಕಿದ. ಮರುದಿನದಿಂದ ಅಕ್ಕ ನೂಲಿನ ಕಂಡಿಕೆ ಸುತ್ತುವ ರಾಟೆಯ ಮುಂದೆ ಕೂತರು. ಓಣಿಯ ಹೆಂಗಸರು ಅವರನ್ನು ಕಂಡು ಮಾತು ನಿಲ್ಲಿಸುತ್ತಿದ್ದರು.

ಅಕ್ಕ ಅಳಲಿಲ್ಲ. ನನ್ನ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಆ ಕಡೆಯ ದಿನ ಸೆರಗಿನ ಡಿಸೈನಿನ ಬಳ್ಳಿಯೊಳಗೆ ಅಕ್ಷರ ಹೆಣೆದು ಬಂದಿದ್ದೇನೆಂದು ಹೇಳಿದರು. ಕನ್ನಡಿಯಲ್ಲಿ ಕಂಡಂತೆ, ತಿರುಗುಮುರುಗಾಗಿ. ಮೇಲೆ ನೋಡಿದರೆ ಬಳ್ಳಿ, ಹಿಂಬದಿ ನೋಡಿದರೆ ಬರಹ.

ನಾನು ದನಿ ತಗ್ಗಿಸಿ ಕೇಳಿದೆ. "ಅಕ್ಕಾರ, ಪವರ್‌ಲೂಮಿನ್ಯಾಗ ನೇಯಾವ್ರಿಗೆ ಕಂಡ್ರ?"

"ಕಂಡ್ರ ನಕ್ಕೊಂತ ನೇಯ್ತಾರ. ಅವ್ರೂ ನಮ್ಮ ಪೈಕಿನವ್ರ. ಡಿಸೈನ್ ಕದ್ದು ಮಾರೂ ಅಂವಗ ಮಾತ್ರ ಸೀರಿ ತಿರುವಿ ನೋಡೂದು ಗೊತ್ತಿಲ್ಲ."

ದಸರೆಗೆ ಆ ಸೆರಗಿನ ಸೀರೆ ಜಮಖಂಡಿಯ ಅಂಗಡಿಯಲ್ಲಿ ತೂಗಿತು. ಕೂಸನ್ನು ಬಗಲಿಗೆ ಹಾಕಿಕೊಂಡು ಹೋಗಿ ನಾನೇ ತಂದೆ. ಅಧ್ಯಕ್ಷರಿಗೆ ತೋರಿಸಿದರೆ ಸಾಕಲ್ಲ ಅಂದೆ. ಒಳಗಿಂದೊಳಗೇ ಮುಚ್ಚಿಹಾಕುತ್ತಾರೆ, ತನ್ನನ್ನು ಬೈದದ್ದು ಮಂದಿಯ ಮುಂದೆ ಅಂದರು ಅಕ್ಕ.

ಸೊಸೈಟಿಯನ್ನು ಆ ಜಾಲಕ್ಕೆ ಜೋಡಿಸುವ ಸಮಾರಂಭದ ದಿನ ಪ್ರೇಮಕುಮಾರ ಹಾರ ಹಾಕಿಸಿಕೊಂಡು ಸುರಕ್ಷತೆಯ ಬಗ್ಗೆ ಭಾಷಣ ಮಾಡುತ್ತಿದ್ದ. ಅಕ್ಕ ಆ ಸೀರೆಯನ್ನು ಒಳಗಿನದು ಹೊರಗೆ ಮಾಡಿ ಉಟ್ಟು, ಸೆರಗು ಹರಡಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಹಿಂದೆ ಕೂತಿದ್ದ ನಮ್ಮ ಓಣಿಯ ಹಾಲವ್ವ ಬಗ್ಗಿ ನೋಡಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನಗೆ ಸಾಲಿನಿಂದ ಸಾಲಿಗೆ ಹರಿಯಿತು. ಗಿರಿಮಲ್ಲಪ್ಪನವರು ಎದ್ದು ಬಂದು ಸೆರಗು ನೋಡಿದರು. ಆ ಡಿಸೈನ್ ಯಾರ ಬೀಗದೊಳಗಿತ್ತೆಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

ಪ್ರೇಮಕುಮಾರ ಕೆಳಗಿಳಿದು, ಸೀರೆ ಬದಲಿಸಿರೆಂದು ಅಕ್ಕನನ್ನು ಪಿಸುದನಿಯಲ್ಲಿ ಬೇಡಿಕೊಂಡ. ಮೈಕು ಇನ್ನೂ ಅವನ ಕೈಯಲ್ಲೇ ಇತ್ತು.

"ಗ್ವಾಡಿ ಮ್ಯಾಲ ಬರದದ್ದನ್ನ ಎಲ್ಲಾರ ಮುಂದ ಓದಿದ್ರೆಲಾ ಸಾಹೇಬ್ರ," ಅಂದರು ಅಕ್ಕ. "ಇದನ್ನೂ ಓದ್ರಿ."

ಅವನು "ಕಳ್ಳ ಪ್ರೇಮಕುಮಾರ" ಎಂದು ಓದುವ ತನಕ ಅಕ್ಕ ಸೆರಗನ್ನು ಹೆಗಲಿಗೆ ಎಳೆದುಕೊಳ್ಳಲಿಲ್ಲ.