ನೆಲ ನಡುಗದೆ ಬಂದ ಅಲೆ

ನಾನು ಭೂಗೋಳದ ಟೀಚರ್. ನಾಗಪುರದ ಮಕ್ಕಳಿಗೆ ಸಮುದ್ರವೆಂದರೆ ನಕಾಶೆಯ ನೀಲಿ ಬಣ್ಣ, ಅಷ್ಟೇ. ಅವರಿಗೆ ಸುನಾಮಿ ಕಲಿಸಲು ಮನೆಯಿಂದ ಹಿಟ್ಟು ನಾದುವ ಅಗಲ ತಟ್ಟೆ, ಪರಾತ ಒಯ್ದು, ನೀರು ತುಂಬಿ, ತಳಕ್ಕೆ ಗುದ್ದಿ ತೋರಿಸುತ್ತಿದ್ದೆ. ಆಮೇಲೆ ಒಂದು ಸಾಲು ಬರೆಸುತ್ತಿದ್ದೆ: ನೆಲ ನಡುಗಿದರೆ ಎತ್ತರಕ್ಕೆ ಓಡಿ, ನಡುಗದಿದ್ದರೆ ಅಂಜಬೇಡಿ. ಎರಡನೆಯ ಅರ್ಧ ಪುಸ್ತಕದಲ್ಲಿರಲಿಲ್ಲ. ಕಿವಿಗೆ ಚೆನ್ನಾಗಿದೆಯೆಂದು ನಾನೇ ಸೇರಿಸಿದ್ದೆ.

ಮಗಳಿಗೂ ಅದನ್ನೇ ಬಾಯಿಪಾಠ ಮಾಡಿಸಿದ್ದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳು ಇಬ್ಬರು ಗೆಳತಿಯರೊಂದಿಗೆ ಇಂಡೋನೇಷ್ಯಾದ ಕಡಲತೀರಕ್ಕೆ ಹೋದಳು. ಶನಿವಾರ ಮಧ್ಯಾಹ್ನ ವಿಡಿಯೋ ಕಳಿಸಿದಳು. ನೀರಿನಾಚೆ ಒಂದು ಜ್ವಾಲಾಮುಖಿ ಹೊಗೆ ಉಗುಳುತ್ತಿತ್ತು. ನೆಲ ಅಲುಗಾಡಿಲ್ಲ, ಎಲ್ಲರೂ ಆರಾಮಾಗಿದ್ದಾರೆ ಎಂದಳು. ಹಾಗಾದರೆ ಚಿಂತೆಯಿಲ್ಲ ಎಂದು ನಾನೂ ಟೀಚರಿನ ಜಂಬದಿಂದಲೇ ಹೇಳಿದೆ.

ಭಾನುವಾರ ಬೆಳಿಗ್ಗೆ ಮನೀಶ್ ನಗರ ಬಡಾವಣೆಯ ನಮ್ಮ ಮನೆಯಲ್ಲಿ ಚಪಾತಿಗೆ ಹಿಟ್ಟು ನಾದುತ್ತಿದ್ದೆ. ರೈಲ್ವೆಯಲ್ಲಿರುವ ನನ್ನ ಗಂಡ ಮೊಬೈಲು ಹಿಡಿದುಕೊಂಡು ಬಂದರು.

"ಮಗಳು ಹೋದಲ್ಲೇ ಸುನಾಮಿ ಬಂದೈತಂತ. ಆದ್ರ ಭೂಕಂಪ ಆಗೇ ಇಲ್ಲಂತ. ಸುಳ್ಳ ಸುದ್ದಿ ಇರಬೇಕು, ಹೌದಿಲ್ಲೋ?"

ಹೌದೆನ್ನಲಿ ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮೊಬೈಲು ಕಸಿದುಕೊಂಡು ಓದಿದೆ. ಜ್ವಾಲಾಮುಖಿಯ ಒಂದು ಮಗ್ಗುಲೇ ಕುಸಿದು ಸಮುದ್ರಕ್ಕೆ ಜಾರಿತ್ತು. ಅದು ತಳ್ಳಿದ ನೀರು ದಡಕ್ಕೆ ನುಗ್ಗಿ ಮನೆಗಳನ್ನು ಎಳೆದೊಯ್ದಿತ್ತು. ನಾನು ಅದೇ ಪರಾತಕ್ಕೆ ನೀರು ಸುರಿದು ಹಿಟ್ಟಿನ ಮುದ್ದೆಯನ್ನು ಅಂಚಿನಿಂದ ಜಾರಿಬಿಟ್ಟೆ. ಯಾರೂ ಗುದ್ದಲಿಲ್ಲ. ಆದರೂ ನೀರು ಎದುರಿನ ಅಂಚು ಹಾರಿ ಗಂಡನ ಪಾದದ ಮೇಲೆ ಬಿತ್ತು.

ಮಗಳಿಗೆ, ಅವಳ ಗೆಳತಿಯರಿಗೆ ಫೋನು ಹಚ್ಚಿದೆ. ಮೂವರ ಫೋನುಗಳೂ ಬಂದ್ ಆಗಿದ್ದವು. ದೇವರಿದ್ದಾನೆ ಎಂದು ಸಮಾಧಾನ ಹೇಳಲು ಬಂದ ಪಕ್ಕದ ಮನೆಯಾಕೆಗೆ, ಇದ್ದರೆ ಅವನ ನಂಬರ್ ಕೊಡಿ ಎಂದು ಸಿಡುಕಿದೆ. ಪಾಪ, ಆಕೆ ಚಹಾ ಮಾಡಿ ತಂದಿಟ್ಟು ಹೋದಳು.

ಹನ್ನೊಂದರ ಸುಮಾರಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು.

"ಅವ್ವಾ, ಜೀವಂತ ಅದೀನಿ."

ಗಂಡನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಮೂವರೂ ಉಳಿದಿದ್ದರು. ರಾತ್ರಿ ಸಮುದ್ರ ವಿಚಿತ್ರವಾಗಿ ಮೊರೆದಾಗ, ಅವರು ಇಳಿದುಕೊಂಡಿದ್ದ ಮನೆಯ ಮುದುಕಿ ಓಡಿರೆಂದು ಕೈ ಮಾಡಿದ್ದಳಂತೆ. ಗೆಳತಿಯರು ಹೊರಟೇಬಿಟ್ಟಿದ್ದರಂತೆ.

"ನಾನೇ ಅವರನ್ನ ನಿಲ್ಲಿಸಿದೆ, ಅವ್ವಾ. ನೆಲ ನಡುಗಿಲ್ಲ, ಅಂಜಬ್ಯಾಡ್ರಿ ಅಂದೆ. ಆ ಮುದುಕಿ ನನ್ನ ಜಡಿ ಹಿಡಿದು ಎಳಕೊಂಡು ಹೋದ್ಲು."

ತಪ್ಪೆಲ್ಲ ತನ್ನದೇ ಎಂಬಂತೆ ಅಳುತ್ತಿದ್ದಳು. ಆ ಅರ್ಧ ಸಾಲು ನನ್ನದು ಎಂದು ಹೇಳಲು ನನಗೆ ಆಗ ಬಾಯಿ ಬರಲಿಲ್ಲ. ಸಂಜೆ ಮತ್ತೆ ಮಾತಾಡಿದಾಗ ಹೇಳಿದೆ.

ಸೋಮವಾರ ತರಗತಿಯಲ್ಲಿ ಆ ಅರ್ಧ ಸಾಲನ್ನು ಎಲ್ಲರಿಂದಲೂ ಹೊಡೆದು ಹಾಕಿಸಿದೆ. ಆದರೆ ಅದನ್ನು ಬರೆದುಕೊಂಡು ಶಾಲೆ ಬಿಟ್ಟುಹೋದವರು? ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಮರಾಠಿಯಲ್ಲಿ ಬರೆದೆ: ನಾನು ತಪ್ಪು ಕಲಿಸಿದ್ದೇನೆ. ಸಮುದ್ರದ ವರ್ತನೆ ಬೇರೆಯಾಗಿ ಕಂಡರೆ ನೆಲ ನಡುಗಲೆಂದು ಕಾಯದೆ ಎತ್ತರಕ್ಕೆ ಓಡಿ.

ಕೆಲವರು ನಗುವ ಚಿತ್ರ ಹಾಕಿದರು, ಕೆಲವರು ಕೈ ಮುಗಿದರು. ಮದುವೆಯಾಗಿ ಕೊಂಕಣದ ಕಡೆ ಹೋದ ಒಬ್ಬಳು ಮಾತ್ರ ಬರೆದಳು: ಟೀಚರ್, ನಮ್ಮ ಮನೆ ಸಮುದ್ರದ ಎದುರಿಗೇ ಇದೆ. ಆ ಸಾಲನ್ನು ನನ್ನ ಮಗಳಿಗೂ ಬಾಯಿಪಾಠ ಮಾಡಿಸಿದ್ದೇನೆ.

ತಕ್ಷಣ ಅವಳಿಗೆ ಫೋನು ಹಚ್ಚಿ, ಮಗಳ ಕೈಗೆ ಕೊಡು ಎಂದೆ.