ಒಂದೇ ಕೀಗೆ ಇಬ್ರು ಸರ್

ದೊಡ್ಡಬಳ್ಳಾಪುರದಲ್ಲಿ ನಮಗೆ ಜಾವಾ ಪ್ರೋಗ್ರಾಮಿಂಗ್ ಹೇಳಿಕೊಟ್ಟ ಸರ್, ಪಾಠಕ್ಕೆ ಮುಂಚೆ ಕರ್ಚೀಫಲ್ಲಿ ಎಲ್ಲಾ ಕೀಬೋರ್ಡೂ ಒರೆಸೋರು. ಭಾನುವಾರ ಕ್ಲಾಸ್ ಇಲ್ದಿದ್ರೂ ಬಂದು ಒರೆಸೋರು. ಬಾಡಿಗೆ ರೂಮಲ್ಲಿ ಮಾತಾಡೋಕೆ ಯಾರೂ ಇರ್ಲಿಲ್ಲ ಅವರಿಗೆ.

ಟ್ರೀಮ್ಯಾಪ್ ಅಂದ್ರೆ ಹಾಕಿದ್ದನ್ನೆಲ್ಲಾ ತಾನೇ ಸಾಲಾಗಿ ಜೋಡಿಸಿಡೋ ಪಟ್ಟಿ; ಅದರ ಪಾಠದ ದಿನ ನಾನೊಂದು ಫೋನ್ ಬುಕ್ ಪ್ರೋಗ್ರಾಮ್ ಬರೆದೆ. ಹುಡುಕೋಕೆ ಕೊಡೋ ಹೆಸರು ಕೀ, ಅದಕ್ಕೆ ಸಿಗೋ ನಂಬರ್ ವ್ಯಾಲ್ಯೂ. ಹೆಂಗೆ ಹಾಕಿದ್ರೂ ಹೆಸರುಗಳು ಅಕ್ಷರದ ಸಾಲಲ್ಲೇ ನಿಂತ್ಕೊಳ್ಳೋದು ನೋಡಿ, ಕಂಪ್ಯೂಟರ್ ಕಂಡುಹಿಡಿದೋನೇ ನಾನು ಅನ್ನಂಗೆ ಮೆರೆದ್ಬಿಟ್ಟೆ. ಮೊಬೈಲಲ್ಲಿ ನಂಬರ್ ಸೇವ್ ಮಾಡೋದನ್ನೇ ಬಿಟ್ಟೆ.

ಅವರ ನಂಬರನ್ನ ‘ಸರ್’ ಅಂತ ಹಾಕಿದ್ದೆ.

“ಹೆಸರು ಹಾಕಪ್ಪಾ. ಅದೇ ಕೀಗೆ ಇನ್ನೊಂದು ನಂಬರ್ ಹಾಕಿದ್ರೆ ಹಳೇದು ಅಳಿಸಿ ಹೋಯ್ತು ಅಂತಾನೇ,” ಅಂದ್ರು. ದಿನಾ ಹೇಳೋ ಮಾತು.

“ನಮಗಿರೋದು ನೀವೊಬ್ರೇ ಸರ್!”

ನಕ್ರು. “ಕೆಲಸ ಸಿಕ್ಕಿದ್ರೆ ಮೊದಲು ನಂಗೆ ಹೇಳು.”

ಆಮೇಲೆ ಅವರು ಊರು ಬಿಟ್ರು, ಹೊಸ ಸರ್ ಬಂದ್ರು. ಮಹಾ ಬುದ್ಧಿವಂತ ನಾನು, ಅವರನ್ನೂ ‘ಸರ್’ ಅಂತಾನೇ ಹಾಕ್ದೆ.

ಸೋಂಪುರದ ಫ್ಯಾಕ್ಟರೀಲಿ ಕೆಲಸ ಸಿಕ್ಕಿದ ದಿನ ಫೋನ್ ಬುಕ್ಕಲ್ಲಿ ‘ಸರ್’ ಹುಡುಕಿ ಫೋನ್ ಮಾಡಿ ಕಿರುಚಿದೆ: “ಸರ್, ಸಿಕ್ತು!”

“ಸಂತೋಷ. ಯಾರಪ್ಪಾ ನೀನು?” ಅಂದ್ರು ಹೊಸ ಸರ್.

ಆ ಫೋನ್ ಬುಕ್ ಈಗ್ಲೂ ಐತೆ. ಎಲ್ರೂ ಸಾಲಾಗಿ ನಿಂತವ್ರೆ. ಮೊದಲು ಹೇಳ್ಬೇಕಾಗಿದ್ದೋರಿಗೆ ಮಾತ್ರ ಇನ್ನೂ ಹೇಳಿಲ್ಲ.